ಹದ್ದು ಎಣಿಸುವವನು ಮತ್ತು ಹರಕೆಯ ಹೂ

"ಯಾರ್ರೀ ಇದನ್ನ ಕಿತ್ತಿದ್ದು?!"

ಶುಭ ಶುಕ್ರವಾರದ ಬೆಳಗ್ಗೆ ಅನೊಲಾಕಿ ಎಂಬ ದ್ವೀಪದ ಹಳ್ಳಿಯ ಚರ್ಚಿನಲ್ಲಿ ಜೋರಾಗಿ ಕೆಮ್ಮುವುದಕ್ಕೂ ಜನ ಹಿಂಜರಿಯುತ್ತಾರೆ. ಅಂಥ ಹೊತ್ತಿನಲ್ಲಿ ಈ ಕೂಗು! ರಾತ್ರಿ ಮೆರವಣಿಗೆ ಹೊರಡಲಿದ್ದ ಕ್ರಿಸ್ತನ ಪಲ್ಲಕ್ಕಿಗೆ ಹೂ ಕಟ್ಟುತ್ತಿದ್ದ ಹೆಂಗಸರ ಕೈಗಳೆಲ್ಲ ನಿಂತುಹೋದವು.

ಬಾಗಿಲಲ್ಲಿದ್ದವನು ಸ್ಟ್ರಾಟಿಸ್. ಅಥೆನ್ಸಿನಿಂದ ಬಂದು, ಎರಡು ತಿಂಗಳಿಂದ ಕಾಫಿ ಅಂಗಡಿಯ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದ. ಹದ್ದು ಎಣಿಸುತ್ತೇನೆಂದು ದಿನಾ ದುರ್ಬೀನು ಹಿಡಿದು ಕಣಿವೆಗೆ ಹೋಗುತ್ತಿದ್ದ. ಇವತ್ತು ಕಣಿವೆಯಿಂದ ಬಿದ್ದೆದ್ದು ಓಡಿಬಂದ ಅವನ ಮೊಣಕಾಲಲ್ಲಿ ರಕ್ತ, ಕಣ್ಣಲ್ಲಿ ನೀರು.

ಅವನು ಪಲ್ಲಕ್ಕಿಯ ಮುಂದೆ ಕುಸಿದ. ಪ್ರಾರ್ಥನೆಗೇನೂ ಅಲ್ಲ. ನಿಂಬೆ ಹೂ, ಗುಲಾಬಿಗಳ ಮಧ್ಯೆ ಎದ್ದು ಕಾಣುತ್ತಿದ್ದ ತೆಳುನೀಲಿ ಗೊಂಚಲುಗಳನ್ನು ಬೆರಳಿಟ್ಟು ಎಣಿಸಿದ.

"ಒಂದು... ಎರಡು... ಮೂರು. ಮೂರೂ ಹೋಯ್ತು!"

"ನಾನು ಕಿತ್ತೆ. ನನ್ನ ಹರಕೆ ಅದು," ಎಂದಳು ಅರ್ಗಿರೋ.

ಕುರಿಗಾಹಿ ಮನೆಯ ಇಪ್ಪತ್ತಾರರ ಹುಡುಗಿ, ಅಂಗೈ ತುಂಬ ತರಚು ಗಾಯ. ಪಾರ್ಶ್ವವಾಯು ಬಡಿದು ಅವಳ ಅಪ್ಪ ಪಟ್ಟಣದ ಆಸ್ಪತ್ರೆಯಲ್ಲಿ ಮಾತಿಲ್ಲದೆ ಮಲಗಿ ಹತ್ತು ದಿನವಾಗಿತ್ತು. ಆಡಿನ ಬಾಯಿ ತಾಕದ ಹೂವನ್ನು ಕ್ರಿಸ್ತನಿಗೆ ಮುಡಿಸುತ್ತೇನೆಂದು ಅವಳು ಹರಕೆ ಹೊತ್ತಿದ್ದಳು. ಆ ಕಣಿವೆಯಲ್ಲಿ ಆಡು ಹತ್ತಲಾಗದ ಬಂಡೆ ಇರುವುದು ಒಂದೇ. ಬೆಳಕು ಹರಿಯುತ್ತಿದ್ದಂತೆ ಜೀವ ಕೈಯಲ್ಲಿ ಹಿಡಿದು ಹತ್ತಿದ್ದಳು.

"ಇದು ಜೀವಮಾನದಲ್ಲಿ ಒಂದೇ ಸಲ ಹೂ ಬಿಟ್ಟು ಸಾಯೋ ಗಿಡ ಕಣ್ರೀ! ಬೀಜ ಉದುರಿದ್ರೆ ಉಂಟು, ಇಲ್ದಿದ್ರೆ ಇಲ್ಲ. ಇಂಥದ್ದು ಈ ಮೂರು ಬಿಟ್ರೆ ಬೇರೆಲ್ಲೂ ನನಗೆ ಸಿಕ್ಕಿಲ್ಲ. ಬೀಜಕ್ಕೆ ಅಂತ ಕಾಯ್ತಿದ್ದೆ. ನಿಮ್ಮ ಒಂದು ಹರಕೆಗೆ ಒಂದು ಕುಲಾನೇ ಹೋಯ್ತು!" ಎಂದ ಸ್ಟ್ರಾಟಿಸ್.

ಅರ್ಗಿರೋ ತನ್ನ ತರಚಿದ ಅಂಗೈ ನೋಡಿಕೊಂಡಳು. *ದೇವರೇ, ಒಂದು ಜೀವ ಉಳಿಸು ಅಂತ ಕೇಳೋಕೆ ಹೋಗಿ ನಾನೇನು ಮಾಡಿಬಿಟ್ಟೆ!*

"ಹದ್ದು ಎಣಿಸೋರಿಗೆ ಹೂವಿನ ಸಮಾಚಾರ ಯಾಕೆ?" ಎಂದು ಹಿಂದಿನಿಂದ ಅಜ್ಜಿಯೊಬ್ಬಳು ಮೂತಿ ತಿರುವಿದಳು.

ಸ್ಟ್ರಾಟಿಸ್ ತಲೆ ತಗ್ಗಿಸಿದ. "ಹದ್ದು ಸುಳ್ಳು, ಅಜ್ಜಿ. ಹೂವಿನ ಸುದ್ದಿ ಊರಿಗೆ ಗೊತ್ತಾದ್ರೆ ಕದ್ದು ಮಾರೋರು ಬರ್ತಾರೆ ಅಂತ..."

"ಅಂದ್ರೆ ನಮ್ಮನ್ನ ಕಳ್ಳರು ಅಂದ್ಕೊಂಡ್ರಿ," ಎಂದಳು ಅರ್ಗಿರೋ. "ಒಂದು ಮಾತು ಹೇಳಿದ್ದಿದ್ರೆ ಇಡೀ ಊರು ಕಾವಲು ನಿಲ್ತಿತ್ತು!"

ಅವನು ಎದ್ದು ನಿಂತ. ಗೊಂಚಲುಗಳನ್ನಾದರೂ ಕೊಡಿ ಎಂದು ಪಾದ್ರಿಯನ್ನು ಅಂಗಲಾಚಿದ.

"ಮಗಾ, ಕ್ರಿಸ್ತನಿಗೆ ಅರ್ಪಿಸಿ ಆಯ್ತು. ಇನ್ನು ಇದು ನಂದೂ ಅಲ್ಲ, ನಿಂದೂ ಅಲ್ಲ," ಎಂದರು ಪಾದ್ರಿ ನೆಕ್ತಾರಿಯೋಸ್. "ಮೆರವಣಿಗೆ ಮುಗಿಯೋವರೆಗೆ ಒಂದು ಎಸಳೂ ತೆಗೆಯೋ ಹಾಗಿಲ್ಲ."

ರಾತ್ರಿ ಮೆರವಣಿಗೆ ಮುಗಿಯುವುದನ್ನೇ ಸ್ಟ್ರಾಟಿಸ್, ಅರ್ಗಿರೋ ಇಬ್ಬರೂ ಕಾದರು. ಪಲ್ಲಕ್ಕಿಯ ಹೂವನ್ನು ಮನೆಗೆ ಒಯ್ದು ದೇವರ ಮುಂದೆ ಇಟ್ಟುಕೊಳ್ಳುವುದು ಊರಿನ ಪದ್ಧತಿ. ಜನ ಮುಗಿಬಿದ್ದ ನೂಕುನುಗ್ಗಲಲ್ಲಿ ಇವರು ಹತ್ತಿರ ಸೇರುವಷ್ಟರಲ್ಲಿ ಪಲ್ಲಕ್ಕಿ ಬೋಳಾಗಿತ್ತು.

ಶನಿವಾರ ಬೆಳಗ್ಗೆ ಅರ್ಗಿರೋ ಅವನ ಬಾಗಿಲು ತಟ್ಟಿದಳು.

"ನಡೀರಿ. ಮನೆ ಮನೆಗೂ ಹೋಗೋಣ."

"ನೀವ್ಯಾಕೆ...?"

"ಕಿತ್ತವಳು ನಾನಲ್ವಾ? ನಿಮ್ಮೊಬ್ಬರನ್ನೇ ಕಳಿಸಿದ್ರೆ ಅಜ್ಜಿಯಂದಿರು ಬಾಗಿಲೂ ತೆಗೆಯಲ್ಲ!"

ಅವನು ಅಷ್ಟು ದುಃಖದಲ್ಲೂ ನಕ್ಕುಬಿಟ್ಟ. ಆ ನಗು ಕಂಡು ಅರ್ಗಿರೋಳ ಎದೆಯಲ್ಲಿ ಏನೋ ಅಲ್ಲಾಡಿತು.

ಒಂದು ಮನೆಯಲ್ಲಿ ಮೊಮ್ಮಗನ ಕಿವಿನೋವಿಗೆಂದು ಗೊಂಚಲನ್ನು ಕೆಂಡಕ್ಕೆ ಹಾಕಿ ಹೊಗೆ ಕೊಟ್ಟಾಗಿತ್ತು. ಇನ್ನೊಂದರಲ್ಲಿ ಅದನ್ನು ಹರಿದು ಹಸುಗೂಸಿನ ದಿಂಬಿನೊಳಗೆ ಸೇರಿಸಿ ಹೊಲಿದಿದ್ದರು. ಸ್ಟ್ರಾಟಿಸ್ ಆ ದಿಂಬು ಮುಟ್ಟಿ ನೋಡಿದ. ಮಲಗಿದ್ದ ಮಗುವನ್ನು ನೋಡಿ, ಏನೂ ಕೇಳದೆ ಹೊರಗೆ ಬಂದ.

*ಒಳ್ಳೆಯವನು...* ಎಂದುಕೊಂಡಳು ಅರ್ಗಿರೋ. ಅದರಿಂದಲೇ ಅವಳಿಗೆ ಹೆಚ್ಚು ನೋವಾಯಿತು.

ಮೂರನೆಯದು ಎಲ್ಲೂ ಸಿಗಲಿಲ್ಲ.

"ಕಿತ್ತ ಗೊಂಚಲಲ್ಲಿ ಬೀಜ ಆಗೋದು ಉಂಟಾ?" ಎಂದು ಅರ್ಗಿರೋ ಕೊನೆಯ ಮನೆಯ ಮೆಟ್ಟಿಲಲ್ಲಿ ಕೂತು ಕೇಳಿದಳು.

"ಜೇನು ಮೊದಲೇ ಮುಟ್ಟಿದ್ರೆ, ನೀರಲ್ಲಿ ಇಟ್ಟಿದ್ರೆ, ಆರು ವಾರ ಬದುಕಿದ್ರೆ... ಇಷ್ಟು 'ರೆ' ಇದ್ರೆ ಆಗೋ ಕೆಲಸ ಅಲ್ಲ ಬಿಡಿ."

ಭಾನುವಾರ ಊರೆಲ್ಲ ಕೆಂಪು ಮೊಟ್ಟೆ ಒಡೆದು ಪುನರುತ್ಥಾನದ ಹಬ್ಬ ಮಾಡುವಾಗ ಅವನು, ಮೂರನೆಯ ಗೊಂಚಲು ಸಿಕ್ಕರೆ ತಿಳಿಸಿ ಎಂದು ಚೀಟಿಯಲ್ಲಿ ತನ್ನ ನಂಬರು ಬರೆದು ಅಂಗಡಿಯವನ ಕೈಗಿಟ್ಟು ಹಡಗು ಹತ್ತಿದ್ದ. ಅರ್ಗಿರೋಗೆ ಒಂದು ಮಾತೂ ಹೇಳಿರಲಿಲ್ಲ.

*ನನ್ನ ಮುಖ ನೋಡೋಕೂ ಅಸಹ್ಯ ಅವರಿಗೆ. ಸರಿಯಾಗೇ ಇದೆ.* ಅಂಗಡಿಯವನು ಕೊಟ್ಟ ಚೀಟಿಯನ್ನು ಅವಳು ಮಡಚಿ ಜೇಬಿಗೆ ಹಾಕಿಕೊಂಡಳು. ಫೋನ್ ಮಾಡಲು ಧೈರ್ಯ ಬರಲಿಲ್ಲ.

ಸೋಮವಾರ ಆಸ್ಪತ್ರೆಗೆ ಹೋದರೆ, ಅಪ್ಪನ ತಲೆದೆಸೆಯ ಗಾಜಿನ ಲೋಟದಲ್ಲಿ... ತೆಳುನೀಲಿ ಗೊಂಚಲು!

"ಅತ್ತೆ! ಇದು ಎಲ್ಲಿಂದ?!"

"ಪಲ್ಲಕ್ಕೀದು ಕಣೇ," ಎಂದಳು ಅಪ್ಪನನ್ನು ನೋಡಿಕೊಳ್ಳುತ್ತಿದ್ದ ಸೋದರತ್ತೆ ಸ್ತಮಾಟಿಯಾ. "ನಿನ್ನ ಹರಕೆ ಹೂವು ನಿಮ್ಮಪ್ಪನ ಹತ್ರ ಇರೋದು ಬಿಟ್ಟು ಇನ್ನೆಲ್ಲಿರಬೇಕು? ಶನಿವಾರ ಮೊದಲ ಬಸ್ಸಿಗೇ ತಂದೆ."

ಬಾಡಿದ ಹೂಗಳ ಬುಡದಲ್ಲಿ ಸಣ್ಣ ಹಸಿರು ಕಾಯಿಗಳು ಕಾಣುತ್ತಿದ್ದವು. ಬೀಜವೋ, ಬರೀ ಟೊಳ್ಳೋ? ಅವನಿಗೆ ಹೇಳಲೇ? ಹೇಳಿ, ಅದೂ ಕೊಳೆತುಹೋದರೆ? ಇನ್ನೊಮ್ಮೆ ಆ ಕಣ್ಣಲ್ಲಿ ನೀರು ನೋಡುವ ಶಕ್ತಿ ಅವಳಿಗಿರಲಿಲ್ಲ.

ಆರು ವಾರ. ಅಯ್ಯೋ, ಆ ಆರು ವಾರ! ಹಾಸಿಗೆಯಲ್ಲಿ ಅಪ್ಪ, ಲೋಟದಲ್ಲಿ ಕಡ್ಡಿ. ಎರಡೂ ಉಳಿಯುತ್ತವೆಯೋ ಇಲ್ಲವೋ ಎಂದು ಹೇಳುವವರಿಲ್ಲ. ಡಾಕ್ಟರನ್ನು ಕೇಳಿದರೆ "ನೋಡೋಣಮ್ಮಾ" ಎನ್ನುತ್ತಿದ್ದರು. ಅವಳು ನೀರು ಬದಲಿಸಿದಳು, ಅಪ್ಪನ ಬಾಯಿ ಒರೆಸಿದಳು. ಬೇರೆ ಮಾಡುವುದಕ್ಕೆ ಏನೂ ಇರಲಿಲ್ಲ. ರಾಶಿ ಕೆಲಸ ಮಾಡಬಲ್ಲ ಹುಡುಗಿಗೆ ಸುಮ್ಮನೆ ಕೂರುವುದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ.

ಒಂದು ದಿನ ಕಸ ಗುಡಿಸುವವಳು ಒಣಕಡ್ಡಿ ಎಂದು ಲೋಟಕ್ಕೆ ಕೈ ಹಾಕಿದಳು. ಅಪ್ಪ ಜೀವವಿದ್ದ ಎಡಗೈಯನ್ನು ಚಾಚಿ ಲೋಟವನ್ನು ಭದ್ರವಾಗಿ ಹಿಡಿದು ಗುರ್ರೆಂದ!

ಅರ್ಗಿರೋ ಅವನ ಎದೆಗೆ ತಲೆಯಿಟ್ಟು ಎಲ್ಲವನ್ನೂ ಹೇಳಿದಳು. ಹೂ, ಹರಕೆ, ಹದ್ದಿನ ಸುಳ್ಳು, ಜೇಬಿನ ಚೀಟಿ. "ಅವರು ಅಂದ್ರೆ ನನಗಿಷ್ಟ ಅಪ್ಪಾ. ಅವರಿಗೆ ನಾನು ಕಂಡ್ರಾಗಲ್ಲ." ಅಪ್ಪ ಕಣ್ಣು ಮಿಟುಕಿಸಿದನಷ್ಟೆ.

ಆರನೆಯ ವಾರದ ಗುರುವಾರ ಒಂದು ಕಾಯಿ ಬಿರಿಯಿತು. ಕೆಳಗಿಟ್ಟ ಬಿಳಿ ಕರವಸ್ತ್ರದ ಮೇಲೆ ಕಂದು ಬಣ್ಣದ ಸಣ್ಣ ಕಾಳುಗಳು ಉದುರಿದವು. ಗಸಗಸೆಗಿಂತ ಚಿಕ್ಕವು. ಅವಳು ಕರವಸ್ತ್ರವನ್ನು ಅಪ್ಪನ ಕಣ್ಣ ಮುಂದೆ ಹಿಡಿದಳು.

"ಫೋ...ನ್... ಮಾ...ಡು," ಎಂದ ಅಪ್ಪ.

ಐವತ್ತು ದಿನಗಳಲ್ಲಿ ಅವನ ಮೊದಲ ಮಾತು ಅದು!

ಅಳುತ್ತ, ನಗುತ್ತ ಅವಳು ಮಡಚಿದ ಚೀಟಿ ಬಿಚ್ಚಿದಳು. "ಹಲೋ... ಹದ್ದು ಎಣಿಸೋರು ಬೇಕಿತ್ತು..."

ಮರುದಿನದ ಹಡಗಿಗೆ ಸ್ಟ್ರಾಟಿಸ್ ನೇರ ಆಸ್ಪತ್ರೆಗೇ ಬಂದ. ಭೂತಗನ್ನಡಿ ಹಿಡಿದು ಕರವಸ್ತ್ರದ ಮೇಲೆ ಬಗ್ಗಿದವನು ಬಹಳ ಹೊತ್ತು ತಲೆ ಎತ್ತಲಿಲ್ಲ. ಎತ್ತಿದಾಗ ಕೆನ್ನೆ ಒದ್ದೆಯಾಗಿತ್ತು.

"ಟೊಳ್ಳಲ್ಲ, ತುಂಬಿದ ಬೀಜ..."

"ಇನ್ನಾದ್ರೂ ನನ್ನ ಮೇಲಿನ ದ್ವೇಷ ಬಿಡ್ತೀರಾ?" ಎಂದಳು ಅರ್ಗಿರೋ.

"ದ್ವೇಷಾನಾ?!" ಅವನು ಗಾಬರಿಯಾದ. "ಸುಳ್ಳು ಹೇಳಿದವನು ನಾನು, ಪಾಪ ಹೊರಿಸಿದ್ದು ನಿಮ್ಮ ತಲೆಗೆ. ನಿಮಗೆ ಮುಖ ತೋರಿಸೋಕೆ ನಾಚಿಕೆಯಾಗಿ ಓಡಿಹೋದೆ, ಅರ್ಗಿರೋ. ನೀವು ಫೋನ್ ಮಾಡ್ತೀರೇನೋ ಅಂತ ದಿನಾ ಕಾದೆ. ನೀವಂದ್ರೆ ನನಗೆ... ಬೀಜ ಸಿಗದೇ ಇದ್ದಿದ್ರೂ ನಾನು ವಾಪಸ್ ಬರ್ತಿದ್ದೆ. ಧೈರ್ಯ ಸಾಲದೆ ತಡ ಆಯ್ತು."

ಅವಳು ತಲೆ ತಗ್ಗಿಸಿ ಕರವಸ್ತ್ರದ ಅಂಚನ್ನು ಮಡಚಿದಳು.

"ಇದು ಮೊಳೆಯುತ್ತಾ?"

"ಗೊತ್ತಿಲ್ಲ. ಮೊಳೆತರೂ ಹೂ ಬಿಡೋಕೆ ಆರು ವರ್ಷ ಬೇಕಾಗಬಹುದು."

"ಅಲ್ಲೀವರೆಗೆ ಎಲ್ಲಿರ್ತೀರಿ?"

"ಅಂಗಡಿ ಮೇಲಿನ ಕೋಣೆ ಖಾಲಿ ಇದೆಯಾ?"

"ಇದೆ. ಆದ್ರೆ ಊರೋರು ಯಾಕೆ ಬಂದೆ ಅಂತ ಕೇಳ್ತಾರೆ. ಮತ್ತೆ ಹದ್ದು ಅಂದ್ರೆ ಒದ್ದು ಓಡಿಸ್ತಾರೆ!"

"ಈ ಸಲ ನಿಜ ಹೇಳ್ತೀನಿ. ಹೂವಿಗೆ ಕಾಯೋಕೆ ಬಂದೆ... ಅರ್ಗಿರೋಗೆ ಕಾಯೋಕೆ ಬಂದೆ ಅಂತ."

ಹಾಸಿಗೆಯಲ್ಲಿ ಅಪ್ಪ ಕಣ್ಣು ಮುಚ್ಚಿ ನಿದ್ದೆಯ ನಾಟಕ ಆಡುತ್ತಿದ್ದ. ಅರ್ಗಿರೋ ತರಚು ಗಾಯದ ಗುರುತಿದ್ದ ತನ್ನ ಅಂಗೈಯನ್ನು ಸ್ಟ್ರಾಟಿಸ್‌ನ ಅಂಗೈಯಲ್ಲಿಟ್ಟಳು.

"ಹೂವಿಗೆ ಆರು ವರ್ಷ ಕಾಯಿ," ಎಂದಳು ಮೆಲ್ಲಗೆ. "ಅರ್ಗಿರೋಗೆ ಕಾಯೋದೇನೂ ಬೇಡ ಕಣೋ."