ಗುಡ್ಡದ ಮ್ಯಾಲಿನ ಬಾವುಟ

ನಾ ಭೂಮಿ ಸರ್ವೇ ಮಾಡಾಂವ, ದೆವ್ವ ಗಿವ್ವ ನಂಬಿದಾಂವಲ್ಲ. ಮಾಗಡಿ ಕೆರಿ ದಂಡಿಗೆ ಅಳತಿ ಯಂತ್ರ ಹೂಡಿ, ಬಾವುಟದ ಕೋಲು ಕೊಟ್ಟು ನನ್ನ ಕೈಯಾಳು ಫಕೀರೇಶನ್ನ ಎದುರಿನ ಗುಡ್ಡಕ್ಕ ಕಳಿಸಿದ್ದೆ. ಹಿಂದ ಕಂಪನಿ ದಂಡಿನವರು ಈ ಸೀಮಿ ಅಳತಿ ಮಾಡಿದಾಗ ನೆಟ್ಟ ಕಲ್ಲು ಅಲ್ಲೈತಿ.

ಯಂತ್ರದ ದುರ್ಬೀನಿನಾಗ ನೋಡಿದ್ರ, ಕಲ್ಲಿನ ಬಾಜೂಕ ಕೋಲು ಹಿಡಿದು ನಿಂತಿದ್ದ. ಎಡಕ್ಕ ಸರಿ ಅಂತ ಕೈ ಮಾಡಿದೆ, ಸರಿದ. ಗಾಳಿಗೆ ನನ್ನ ಟೊಪಗಿ ಹಾರಿ ಹೋತು. ಆ ಬಾವುಟ ಮಾತ್ರ ಅಲುಗಲಿಲ್ಲ. ರಣಬಿಸಲಾಗ ಯಂತ್ರ ಐಸಿನಂಗ ತಣ್ಣಗಾತು.

"ಸರ, ಚಪ್ಪಲಿ ಹರೀತ್ರಿ, ಅರ್ಧಕ್ಕ ತಿರುಗಿ ಬಂದೆ," ಅಂತ ಫಕೀರೇಶ ನನ್ನ ಬೆನ್ನಹಿಂದ ನಿಂತಿದ್ದ. ಕೋಲು ಅವನ ಕೈಯಾಗಿತ್ತು.

ಯಂತ್ರ ಹೊತಗೊಂಡು ಓಡಿದ್ವಿ. ನಮ್ಮ ಕೆಲಸದಾಗ, ಅಳತಿ ಮಾಡಾಂವ ಎರಡೂ ಕೈ ಎತ್ತಿ 'ಸಾಕು' ಅನ್ನೂತನಕ ಕೋಲಿನಾಂವ ಜಾಗಾ ಬಿಡೂಹಂಗಿಲ್ಲ. ನಾ ಕೈ ಎತ್ತಲಿಲ್ಲ.

ಕೆರಿಗೆ ಹಕ್ಕಿ ನೋಡಾಕ ಹೋದವರು ಈಗ ನನ್ನ ಕೇಳ್ತಾರ, ಗುಡ್ಡದ ಮ್ಯಾಲೆ ಬಿಸಲಾಗ ಯಾರನ್ನ ನಿಲ್ಲಿಸೀರಿ ಅಂತ.