ದಾಸವಾಳದ ತೋಟದಲ್ಲಿ ಮೂರು ಬಿಂಬಗಳು

ಎಷ್ಟೋ ತಲೆಮಾರುಗಳ ಹಿಂದೆ, ಸುರಗಿಪುರವೆಂಬ ರಾಜ್ಯದಲ್ಲಿ ಬೂಚಣ್ಣನೆಂಬ ಯುವಕನಿದ್ದ. ಅವನ ಹತ್ತಿರ ಒಂದು ಬಿಂಬಪೆಟ್ಟಿಗೆ ಇತ್ತು. ಅದನ್ನು ಹೂವಿನ ಮುಂದೆ ಇಟ್ಟರೆ ಒಳಗಿನ ಹಾಳೆಯ ಮೇಲೆ ಹೂವಿನ ಬಿಂಬ ಮೂಡುತ್ತಿತ್ತು. ಪೆಟ್ಟಿಗೆಯ ಗಾಜುಗಣ್ಣಿನ ಸುತ್ತ ಮೂರು ಬಳೆಗಳು. ಒಂದನ್ನು ತಿರುಗಿಸಿದರೆ ಬೆಳಕು ಹೆಚ್ಚು ಕಡಿಮೆಯಾಗುವುದು, ಇನ್ನೊಂದರಿಂದ ದೂರದ್ದು ಹತ್ತಿರದ್ದು ತಿಳಿಯಾಗುವುದು, ಮೂರನೆಯದು ಕಣ್ಣು ಎಷ್ಟು ಹೊತ್ತು ತೆರೆದಿರಬೇಕೆಂದು ಗೊತ್ತುಮಾಡುವುದು.

ಒಂದು ದಿನ ಧೂಮಾಕ್ಷನೆಂಬ ಮಾಂತ್ರಿಕ ಬೂಚಣ್ಣನ ತಂಗಿ ನಾಗಲೆಯನ್ನು ಹೊತ್ತೊಯ್ದು, ತನ್ನ ತೋಟದಲ್ಲಿ ದಾಸವಾಳದ ಹೂವಾಗಿಸಿದ. ಬೂಚಣ್ಣ ಪೆಟ್ಟಿಗೆ ಹೊತ್ತು ಏಳು ಗುಡ್ಡ ದಾಟಿ ಆ ತೋಟಕ್ಕೆ ಹೋದ. ನೋಡಿದರೆ ಸಾವಿರ ದಾಸವಾಳ. ಎಲ್ಲವೂ ಒಂದೇ ಕೆಂಪು, ಒಂದೇ ಅಳತೆ.

ಜನ ದಿಕ್ಕುತೋಚದೆ ಒದ್ದಾಡುವುದನ್ನು ನೋಡುವುದೆಂದರೆ ಧೂಮಾಕ್ಷನಿಗೆ ಹಬ್ಬ. "ಮೂರು ದಿನ, ಮೂರು ಬಿಂಬ ತೆಗೆದುಕೋ," ಎಂದ. "ಮೂರನೆಯ ಸಂಜೆ ಒಂದೇ ಒಂದು ಹೂವು ಮುಟ್ಟು. ಅದು ನಿನ್ನ ತಂಗಿಯಾದರೆ ನನ್ನ ಮಂತ್ರವೆಲ್ಲ ಮಣ್ಣುಪಾಲು. ಅಲ್ಲವಾದರೆ ನೀನೂ ಇಲ್ಲೇ ಹೂವಾಗಿರು."

ಮೊದಲ ದಿನ ಬೂಚಣ್ಣ ಬೆಳಕಿನ ಬಳೆಯನ್ನು ಪೂರ್ತಿ ತಿರುಗಿಸಿದ. ಹಾಳೆಯ ಮೇಲೆ ಮೊಸರು ಚೆಲ್ಲಿದ ಹಾಗೆ ಬರೀ ಬಿಳುಪು.

ಎರಡನೆಯ ದಿನ ದೂರ-ಹತ್ತಿರದ ಬಳೆ ತಿರುಗಿಸಿದ. ಒಂದು ಹೂವು ಸ್ಪಷ್ಟವಾಗಿ ನಿಂತಿತು, ಮಿಕ್ಕವು ಕೆಂಪು ಹೊಗೆಯಂತೆ ಕರಗಿದವು. ಇವಳೇ ಏನೋ ಅನ್ನಿಸಿತು. ಮರದಡಿ ಕೂತು ಬಣ್ಣದ ಬಟ್ಟಲು ತೆಗೆದ. ಬಿಂಬದ ಕೆಂಪಿಗೆ ಇನ್ನಷ್ಟು ಕೆಂಪು ಬಳಿದ, ಅಂಚಿಗೆ ನೀಲಿ ಸೇರಿಸಿದ, ದಳದ ಮೇಲೆ ಇಲ್ಲದ ಇಬ್ಬನಿ ಬರೆದ.

"ಬಹಳ ಚೆಂದ ಬಂದಿದೆ. ಇವಳೇ ಇರಬೇಕು," ಎಂದ ಧೂಮಾಕ್ಷ, ಹಿಂದೆ ನಿಂತು.

ಬೂಚಣ್ಣ ತಲೆಯೆತ್ತಿ ತೋಟ ನೋಡಿದ. ಚಿತ್ರದಲ್ಲಿದ್ದ ಹೂವು ಅಲ್ಲಿ ಎಲ್ಲೂ ಇರಲಿಲ್ಲ. ಮೊದಲಿದ್ದ ಕೆಂಪು ಯಾವುದು, ತಾನು ಬಳಿದದ್ದು ಯಾವುದು ಎಂಬುದೂ ಮರೆತುಹೋಗಿತ್ತು. ತಾನು ಹುಡುಕುತ್ತಿರುವುದು ತಂಗಿಯನ್ನೋ ಚೆಂದವನ್ನೋ, ಅದೂ ತಿಳಿಯಲಿಲ್ಲ.

ಮೂರನೆಯ ದಿನ ಬೆಳಕನ್ನು ಸೂಜಿಯಷ್ಟು ಕಿರಿದು ಮಾಡಿ, ಇಡೀ ತೋಟದ ಕಡೆ ತಿರುಗಿಸಿ, ಬೆಳಗಿನಿಂದ ಇಳಿಹೊತ್ತಿನವರೆಗೂ ಪೆಟ್ಟಿಗೆಯ ಕಣ್ಣು ತೆರೆದಿಟ್ಟ. ಯಾಕೆ ಹಾಗೆ ಮಾಡಿದೆನೆಂದು ಅವನಿಗೇ ಗೊತ್ತಿರಲಿಲ್ಲ. ಪಕ್ಕದಲ್ಲಿ ಕೂತು, "ನಾಗೀ, ನನಗೇನೂ ತೋಚ್ತಿಲ್ಲ ಕಣೇ," ಎಂದು ಒಂದೇ ಸಮನೆ ಹೇಳುತ್ತಿದ್ದ.

ಬಿಂಬ ಮೂಡಿತು. ಹೂವುಗಳೆಲ್ಲ ಕೆತ್ತಿದ ಹಾಗಿದ್ದವು. ಬೇಲಿಯ ಹತ್ತಿರದ ಒಂದು ಮಾತ್ರ ಕಲಸಿಹೋಗಿತ್ತು.

"ಅಯ್ಯೋ ಪಾಪ, ಕೆಟ್ಟಿತಲ್ಲ. ತಿದ್ದಿಬಿಡು," ಎಂದ ಧೂಮಾಕ್ಷ. ಮಾತಿನಲ್ಲಿ ಅವಸರವಿತ್ತು.

ಬೂಚಣ್ಣ ಕುಂಚ ಎತ್ತಿದವನು ಕೈ ತಡೆದ. ಪೆಟ್ಟಿಗೆಯ ಕಣ್ಣು ತೆರೆದಿರುವಾಗ ಅಲುಗಿದ್ದು ಮಾತ್ರ ಬಿಂಬದಲ್ಲಿ ಹೀಗೆ ಕಲಸಿಹೋಗುವುದು. ಈ ತೋಟದೊಳಕ್ಕೆ ಗಾಳಿಯೂ ಬಾರದಂತೆ ಮಾಂತ್ರಿಕ ಕಟ್ಟುಹಾಕಿದ್ದ. ಮೂರು ದಿನದಲ್ಲಿ ಒಂದು ಎಲೆ ಅಲುಗಿದ್ದನ್ನೂ ಬೂಚಣ್ಣ ಕಂಡಿರಲಿಲ್ಲ. ಹಾಗಾದರೆ ಈ ಹೂವು ಅಲುಗಿದ್ದು ಹೇಗೆ?

ಸರಿಯೋ ತಪ್ಪೋ ಎಂಬ ಅನುಮಾನ ಹೋಗಿರಲಿಲ್ಲ. ಆದರೂ ಬೇಲಿಯ ಹೂವನ್ನು ಮುಟ್ಟಿದ.

ಮುಟ್ಟಿದ್ದೇ ತಡ, ನಾಗಲೆ ಎದುರಿಗೆ ನಿಂತಿದ್ದಳು. ಉಳಿದವು ಬರೀ ಮಂತ್ರದ ಹೂವುಗಳು, ಪುಡಿಯಾಗಿ ಉದುರಿದವು. ಧೂಮಾಕ್ಷ ಹೊಗೆಯಾಗಿ ಎದ್ದು, ಒಳನುಗ್ಗಿದ ಗಾಳಿಯಲ್ಲಿ ಚೆದುರಿಹೋದ.

ನಾಗಲೆ ಬಿಂಬವನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದಳು. "ನಾನು ಅಲುಗಿದ್ದು ಇಷ್ಟೇನಾ ಅಣ್ಣಾ? ನಿನ್ನ ದನಿ ಕೇಳಿ ದಿನವೆಲ್ಲ ಓಡಿ ಬರ್ತಾ ಇದ್ದೆ ಅನ್ಕೊಂಡಿದ್ದೆ."

ಬೂಚಣ್ಣ ಅವಳ ಕೈ ಹಿಡಿದು ಏಳು ಗುಡ್ಡ ದಾಟಿಸಿ ಊರಿಗೆ ಕರೆತಂದ. ಅಣ್ಣ ತಂಗಿ ಸುರಗಿಪುರದಲ್ಲಿ ಬಹುಕಾಲ ನಗುನಗುತ್ತ ಬಾಳಿದರು.