ಊರಿನ ಹಲಗೆಯ ಖಾಲಿ ಸಾಲು

“ಆ ಒಂದು ಸಾಲು ಬಿಟ್ಬಿಡಪ್ಪಾ. ಅಲ್ಲಿ ಕುಂಚ ಇಡ್ಬೇಡ.”

ಪುರಭವನದ ಕಸ ಗುಡಿಸುವ ಅಜ್ಜಿ ಪೊರಕೆಯನ್ನು ಎದೆಗವಚಿಕೊಂಡು ನಿಂತಿದ್ದಳು. ಏಣಿಯ ಮೇಲಿದ್ದ ಪೇಂಟರ್ ಬಗ್ಗಿ ನೋಡಿ ನಕ್ಕ. ಈ ದ್ವೀಪದ ಊರಿಗೆ ಅವನು ಬಂದು ನಾಲ್ಕೇ ದಿನವಾಗಿತ್ತು. ಊರಿನ ಚರಿತ್ರೆಯ ಮುಖ್ಯ ಘಟನೆಗಳನ್ನು ಬರೆದಿದ್ದ ಕರಿಹಲಗೆಗೆ ಹೊಸ ಬಣ್ಣ ತುಂಬುವುದು ಅವನ ಕೆಲಸ. ದೀಪಸ್ತಂಭ ಹೊತ್ತಿದ ವರ್ಷ, ಪೇಟೆ ಸುಟ್ಟುಹೋದ ವರ್ಷ, ಶಾಲೆ ತೆರೆದ ವರ್ಷ. ನಡುವೆ ಒಂದು ಸಾಲು ಖಾಲಿ. ಪುರಸಭೆಯ ಹೊಸ ಅಧ್ಯಕ್ಷರು ಕೊಟ್ಟ ಚೀಟಿಯಲ್ಲಿ ಆ ಸಾಲಿಗೆ ಬರೆಯಬೇಕಾದದ್ದೂ ಇತ್ತು: ‘ದೋಣಿ ಮುಳುಗಿ ಎಲ್ಲರೂ ಸತ್ತರು.’

“ಯಾಕಜ್ಜೀ, ಬರೆದ್ರೆ ಹಲಗೆ ಕಚ್ಚುತ್ತಾ?”

“ನಗಬೇಡ. ಹಿಂದೆ ಮುಳುಗಿದ ಆ ದೋಣಿ ನಡೆಸ್ತಿದ್ದವನ ತಾಯೀನೇ ಮಾಟ ಮಾಡಿದ್ಲು ಅಂತ ಊರೋರು ಅವಳನ್ನ ಕಡಲಿಗೆ ನೂಕಿದ್ರು. ಮಾಟ ಗೊತ್ತಿರ್ಲಿಲ್ಲ ಅವಳಿಗೆ. ಅವತ್ತೇ ಕಲಿತ್ಲು. ಇಲ್ಲಿಂದ ಎಳ್ಕೊಂಡು ಹೋಗುವಾಗ ಬೆರಳು ಕಚ್ಚಿ ಆ ಸಾಲಿಗೆ ರಕ್ತ ಬಳಿದ್ಲು. ‘ಇಲ್ಲಿ ಬರೆದದ್ದು ಬರೆದ ಹಾಗೇ ಆಗ್ಲಿ’ ಅಂದ್ಲು.”

“ಹಂಗಾದ್ರೆ ‘ಅಜ್ಜಿಗೆ ಹೊಸ ಹಲ್ಲು ಬಂತು’ ಅಂತ ಬರೀಲಾ?”

ಅಜ್ಜಿ ನಗಲಿಲ್ಲ.

ಮಧ್ಯಾಹ್ನದ ದೋಣಿಗೆ ಅವನ ಹೆಂಡತಿಯೂ ಎರಡು ವರ್ಷದ ಮಗಳೂ ಬರುವವರಿದ್ದರು. ಅಷ್ಟರೊಳಗೆ ಕೆಲಸ ಮುಗಿಸುವ ಅವಸರ. ಸೀಮೆಸುಣ್ಣದಲ್ಲಿ ಗೆರೆ ಎಳೆದ, ಬಿಳಿ ಬಣ್ಣದಲ್ಲಿ ಕುಂಚ ಅದ್ದಿದ, ಚೀಟಿಯಲ್ಲಿದ್ದುದನ್ನು ಬರೆದೇಬಿಟ್ಟ.

ಕುಂಚ ಎತ್ತುವಾಗ ಟರ್ಪೆಂಟೈನಿನ ವಾಸನೆ ಮಾಯವಾಗಿ ಕೊಳೆತ ಪಾಚಿಯ ನಾತ ಮೂಗಿಗೆ ಅಡರಿತು. ಹಲಗೆಯ ಹಿಂದೆ ಯಾರೋ ಉಗುರಿನಿಂದ ಕೆರೆಯುವ ಸದ್ದು. ನಡುಹಗಲಲ್ಲೇ ಸಭಾಂಗಣ ಕಪ್ಪಿಟ್ಟಿತು. ಕಿಟಕಿಯಾಚೆ ಕಡಲಲ್ಲಿ, ಎಲೆಯೂ ಅಲುಗದಂತೆ ಗಾಳಿ ನಿಂತಿದ್ದರೂ, ಮಧ್ಯಾಹ್ನದ ದೋಣಿ ಒಂದು ಮಗ್ಗುಲಿಗೆ ವಾಲಿತ್ತು. ಅದರಲ್ಲಿದ್ದವರ ಕೂಗು ಇಲ್ಲಿಗೂ ಕೇಳುತ್ತಿತ್ತು.

ಅವನು ಆ ಸಾಲನ್ನು ಬಟ್ಟೆಯಿಂದ ಉಜ್ಜಿದ. ಹೋಗಲಿಲ್ಲ. ಟರ್ಪೆಂಟೈನ್ ಸುರಿದ. ಹೋಗಲಿಲ್ಲ. ಪರಚಿದ. ಉಗುರು ಕಿತ್ತುಬಂತು. ರಕ್ತ ತಗುಲಿದಲ್ಲಿ ಮಾತ್ರ ಬಣ್ಣ ಕರಗಿತು.

“ಅಜ್ಜೀ, ನಿಮ್ಮ ಕಾಲಿಗೆ ಬೀಳ್ತೀನಿ! ಏನ್ ಮಾಡ್ಲಿ?”

“ಅಳಿಸು! ಆದ್ರೆ ಖಾಲಿ ಬಿಡಬೇಡ, ಅದೀಗ ಬಾಯಿ ತೆರೆದಿದೆ. ಬೇರೆ ಏನಾದ್ರೂ ಬರಿ, ಬೇಗ!”

ರಕ್ತದ ಅಂಗೈಯಿಂದ ಸಾಲನ್ನು ಪೂರ್ತಿ ಒರೆಸಿದ. ‘ದೋಣಿಯಲ್ಲಿದ್ದವರೆಲ್ಲರೂ ಕ್ಷೇಮವಾಗಿ ದಡ ಸೇರಿದರು’ ಎಂದು ಬರೆಯಹೊರಟ. ಅಷ್ಟು ಮಾತು ಈ ಸಾಲಿನಲ್ಲಿ ಹಿಡಿಯದು ಎಂದು ಪಳಗಿದ ಕಣ್ಣು ಅಳೆದು ಹೇಳಿತು. ಅಂಗಡಿಗಳ ಬೋರ್ಡು ಬರೆಯುವಾಗಿನಂತೆ ಕೈ ತಾನಾಗಿ ಮಾತನ್ನು ಮೊಟಕು ಮಾಡಿತು. ‘ದೋಣಿ ಕ್ಷೇಮವಾಗಿ ದಡ ಸೇರಿತು.’

ಕೆರೆತ ನಿಂತಿತು. ಬೆಳಕು ಮರಳಿತು. ದೋಣಿ ನೆಟ್ಟಗಾಯಿತು.

ಅವನು ಏಣಿಯಿಂದ ಹಾರಿದ. ಓಡಿದ. ಬೀದಿ ದಾಟಿದ. ದೋಣಿಕಟ್ಟೆಯ ಮೆಟ್ಟಿಲಲ್ಲಿ ಜಾರಿ ಬಿದ್ದ. ಎದ್ದ. ದೋಣಿ ಒಂದು ಗೀರೂ ಇಲ್ಲದೆ ದಡಕ್ಕೆ ತಾಗಿ ನಿಂತಿತ್ತು. ಹಗ್ಗ ಕಟ್ಟುವವನು ಹಗ್ಗ ಕೈಯಲ್ಲೇ ಹಿಡಿದು ಬೆಪ್ಪಾಗಿದ್ದ.

“ದೋಣಿಗೇನೂ ಆಗಿಲ್ಲ ಕಣ್ರೀ,” ಎಂದ ಅವನು ತೊದಲುತ್ತ. “ಜನ... ಜನ ಎಲ್ಲಿ?”

ಪೇಂಟರ್ ಒಳಗೆ ಜಿಗಿದು ಒಂದೊಂದೇ ಬೆಂಚು ತಡವಿದ. ಕೊನೆಯ ಬೆಂಚಿನ ಮೇಲೆ, ಪುಟ್ಟ ಮಗು ಕೂರುವಷ್ಟೇ ಜಾಗ, ಇನ್ನೂ ಬೆಚ್ಚಗಿತ್ತು.